ಟಿವಿಯಿಂದ ಒಂದು ಗೇಣು ಮುಂದೆ

ಪಕ್ಕದ ಮನೆಯವರ ಬೇಸ್‌ಮೆಂಟಿನಲ್ಲಿ ಒಂದು ಹಳೇ ಡಬ್ಬಾ ಟಿವಿಯ ಪಕ್ಕ ನಿಂತು, ಗಾಜಿನಿಂದ ಬೆರಳನ್ನು ನಿಧಾನವಾಗಿ ಮುಂದಕ್ಕೆ ತರುತ್ತಿದ್ದೆ. ಎದುರಿಗೆ ಐದಡಿ ದೂರದಲ್ಲಿ ಒಂಬತ್ತು ವರ್ಷದ ಮಗಳು ಕೂತಿದ್ದಳು. ಅವಳ ಮುಖಕ್ಕೆ ದೊಡ್ಡದಾದ ಒಂದು ಕಪ್ಪು ಕನ್ನಡಕ, ಅದರಿಂದ ಇಳಿದು ಆಟದ ಪೆಟ್ಟಿಗೆಗೆ ಹೋಗುವ ಒಂದು ವೈರು. "ಇನ್ನೂ ಮುಂದೆ ಅಪ್ಪಾ. ಇನ್ನೂ. ಇನ್ನೊಂಚೂರು. ಹಾಂ, ಅಲ್ಲೇ! ಈಗ ಹಡಗಿನ ಪಕ್ಕದಲ್ಲೇ ಇದೆ ನಿನ್ನ ಬೆರಳು." ಬೆರಳನ್ನು ಅಲ್ಲೇ ನಿಲ್ಲಿಸಿ ಇನ್ನೊಂದು ಕೈಯಿಂದ ಅಳೆದೆ. ಗಾಜಿಗೂ ಬೆರಳಿಗೂ ನಡುವೆ ಸರಿಯಾಗಿ ಒಂದು ಗೇಣು. ನನ್ನ ಕಣ್ಣಿಗೆ ಅಲ್ಲಿ ಏನೂ ಇರಲಿಲ್ಲ. ಬೇಸ್‌ಮೆಂಟಿನ ಗಾಳಿ, ಸ್ವಲ್ಪ ಧೂಳು, ಅಷ್ಟೇ. ನನಗೆ ಹಡಗು ಗಾಜಿನ ಮೇಲೆ ಅಂಟಿಕೊಂಡೇ ಇತ್ತು, ಟಿವಿಯೊಳಗಿನ ಚಿತ್ರಗಳು ಯಾವಾಗಲೂ ಇರುವ ಹಾಗೆ.

ಅದಾಗಿ ಎರಡು ತಿಂಗಳಾಯಿತು. ಆ ಗೇಣು ಜಾಗ ಮಾತ್ರ ತಲೆಯಿಂದ ಹೋಗುತ್ತಿಲ್ಲ.

ನಾವಿರುವುದು ಒಹಾಯೋದ ಕೊಲಂಬಸ್‌ನಲ್ಲಿ. ಪಕ್ಕದ ಮನೆಯವರಿಗೆ ಐವತ್ತರ ಹತ್ತಿರ ವಯಸ್ಸು. ಅವರ ತಾಯಿ ತೀರಿಕೊಂಡ ಮೇಲೆ ಹಳೆಯ ಮನೆ ಖಾಲಿ ಮಾಡುವಾಗ ಅಟ್ಟದಲ್ಲಿ ಅವರ ಹುಡುಗುತನದ ಆಟದ ಪೆಟ್ಟಿಗೆ ಸಿಕ್ಕಿತಂತೆ. ಸೆಗಾ ಕಂಪನಿಯ, ಟಿವಿಗೆ ಜೋಡಿಸಿ ವಿಡಿಯೋ ಗೇಮ್ ಆಡುವ ಮಾಸ್ಟರ್ ಸಿಸ್ಟಮ್. ಜೊತೆಗೆ ಸೆಗಾಸ್ಕೋಪ್ ತ್ರೀಡಿ ಕನ್ನಡಕ, ಮತ್ತು ಬಾಹ್ಯಾಕಾಶದ ಹಡಗು ಹಾರಿಸುವ ಝಾಕ್ಸನ್ ತ್ರೀಡಿ ಅನ್ನುವ ಆಟದ ಕಾರ್ಟ್ರಿಜ್. ಎಂಬತ್ತರ ದಶಕದ ಕೊನೆಯಲ್ಲಿ ಕ್ರಿಸ್‌ಮಸ್‌ಗೆ ಬಂದ ಉಡುಗೊರೆ. ಇಪ್ಪತ್ತಿಂಚಿನ ಪಿಕ್ಚರ್ ಟ್ಯೂಬ್ ಟಿವಿಯೊಂದನ್ನು ಯಾರೋ ರಸ್ತೆ ಬದಿಗೆ ಇಟ್ಟಿದ್ದರಂತೆ, ಅದನ್ನು ಎತ್ತಿಕೊಂಡು ಬಂದು ಎಲ್ಲ ಜೋಡಿಸಿ, ಮಗಳನ್ನು ಕರೆದುಕೊಂಡು ಬನ್ನಿ ಅಂದರು. ಹೋದೆವು. ಅವಳು ಕನ್ನಡಕ ಹಾಕಿದಳು. ಆಟ ಶುರುವಾಯಿತು. ಅವಳು ಕೂತಲ್ಲೇ ತಲೆಯನ್ನು ಹಿಂದಕ್ಕೆಳೆದುಕೊಂಡಳು, ಎದುರಿಂದ ಚೆಂಡು ಬಂದರೆ ಎಳೆದುಕೊಳ್ಳುತ್ತೇವಲ್ವಾ, ಹಾಗೆ.

ಆ ಎಳೆತ ನನಗೆ ಗೊತ್ತಿತ್ತು. ಎಲ್ಲಿ ನೋಡಿದ್ದೆ ಅಂತಲೂ ತಕ್ಷಣ ನೆನಪಾಯಿತು.

ಹಾಸನದ ಮ್ಯಾಟಿನಿ

ಕೇರಳದಲ್ಲಿ 1984ರಲ್ಲಿ ತಯಾರಾಗಿದ್ದ ಮಕ್ಕಳ ತ್ರೀಡಿ ಸಿನಿಮಾ ತೊಂಬತ್ತರ ದಶಕದ ಕೊನೆಯಲ್ಲಿ ಹಿಂದಿಗೆ ಬಂದು ಊರೂರು ಓಡಿತ್ತು, ನೆನಪಿದೆಯಲ್ಲ? ನಮ್ಮ ಹಾಸನಕ್ಕೂ ಬಂತು. ನನಗಾಗ ಹತ್ತು ವರ್ಷ. ಅಕ್ಕ, ನಾನು, ಚಿಕ್ಕಮ್ಮನ ಮಕ್ಕಳು ಇಬ್ಬರು, ಎಲ್ಲರೂ ಭಾನುವಾರದ ಮ್ಯಾಟಿನಿಗೆ ಹೋದೆವು. ಬಾಗಿಲಲ್ಲಿ ಕನ್ನಡಕ ಕೊಟ್ಟರು, ಹೊರಗೆ ಬರುವಾಗ ವಾಪಸ್ ಕೊಡಬೇಕು. ಅಕ್ಕ ಲಂಗದ ಅಂಚಿನಲ್ಲಿ ನಮ್ಮೆಲ್ಲರ ಕನ್ನಡಕಗಳನ್ನು ಒರೆಸಿಕೊಟ್ಟಳು. ದೀಪ ಆರಿತು.

ತೆರೆಯ ಮೇಲೆ ಏನೋ ಮುಂದಕ್ಕೆ ಬಂತು. ಇಡೀ ಥಿಯೇಟರ್ ಒಂದೇ ಸಲ "ಹೋ" ಅಂದಿತು. ಅಕ್ಕ ತಲೆ ಹಿಂದಕ್ಕೆಳೆದುಕೊಂಡಳು. ಮುಂದಿನ ಸಾಲಿನಲ್ಲಿ ಒಬ್ಬ ಹುಡುಗ ಎದ್ದು ನಿಂತು ಎರಡೂ ಕೈ ಚಾಚಿ ಗಾಳಿಯನ್ನು ಹಿಡಿಯುತ್ತಿದ್ದ. ಚಿಕ್ಕಮ್ಮನ ಮಗಳು ಹೆದರಿ ಅಳುವುದಕ್ಕೇ ಶುರು ಮಾಡಿದಳು. ನಾನು ಸುಮ್ಮನೆ ಕೂತಿದ್ದೆ. ನನಗೆ ಕಂಡಿದ್ದು ಒಂದು ಸಿನಿಮಾ. ಸ್ವಲ್ಪ ಕತ್ತಲೆ ಜಾಸ್ತಿ ಇರುವ ಸಿನಿಮಾ. ಕನ್ನಡಕ ತೆಗೆದು ನೋಡಿದೆ. ಎಲ್ಲದರ ಅಂಚೂ ಎರಡೆರಡಾಗಿತ್ತು, ಮುಖಗಳು ಪಕ್ಕಕ್ಕೆ ಜರುಗಿದ್ದವು. ಮತ್ತೆ ಹಾಕಿಕೊಂಡೆ. ಅಂಚುಗಳು ಸರಿಹೋದವು. ಓ, ತ್ರೀಡಿ ಅಂದರೆ ಇದೇ ಇರಬೇಕು ಅಂದುಕೊಂಡೆ. ಕೆಟ್ಟು ಹೋದ ಚಿತ್ರ ಕೊಡುತ್ತಾರೆ, ಅದನ್ನು ಸರಿ ಮಾಡುವ ಕನ್ನಡಕವನ್ನೂ ಕೊಡುತ್ತಾರೆ. ಆದರೆ ಇದಕ್ಕೆ ಇಷ್ಟೊಂದು ಕೂಗಾಟ ಯಾಕೆ?

ಸ್ವಲ್ಪ ಹೊತ್ತಿನ ಮೇಲೆ ನಾನೂ ಕೈ ಚಾಚಿದೆ. ಎಲ್ಲರೂ ಚಾಚುವಾಗ ಚಾಚಿದೆ, ಎಲ್ಲರೂ ಕೂಗುವಾಗ ಕೂಗಿದೆ. ಅಕ್ಕ ನನ್ನ ಕಡೆ ತಿರುಗಿ ನಕ್ಕಳು. ಮನೆಗೆ ಬಂದ ಮೇಲೆ ಅಮ್ಮನ ಹತ್ತಿರ ಎಲ್ಲರೂ ಕಥೆ ಹೇಳಿದರು. ನಾನೂ ಹೇಳಿದೆ, ಮೂಗಿನ ತುದಿಗೇ ಬಂದಿತ್ತು ಅಂತ. ಆ ಸುಳ್ಳನ್ನು ಇವತ್ತಿನವರೆಗೂ ಅಮ್ಮನ ಹತ್ತಿರ ಬಿಡಿಸಿ ಹೇಳಿಲ್ಲ.

ಎರಡು ವರ್ಷದ ನಂತರ ಶಾಲೆಯಲ್ಲಿ ಕಣ್ಣಿನ ತಪಾಸಣೆ ಶಿಬಿರ ಆಯಿತು. ಎಡಗಣ್ಣು ಮುಚ್ಚಿ ಓದು ಅಂದರು. ಗೋಡೆ ಮೇಲಿನ ಹಲಗೆಯ ಮೊದಲ ಎರಡು ಸಾಲು ಬಿಟ್ಟರೆ ಏನೂ ಓದಲಾಗಲಿಲ್ಲ. ಅಲ್ಲಿಯವರೆಗೆ ನನಗಾಗಲಿ ಮನೆಯವರಿಗಾಗಲಿ ಇದು ಗೊತ್ತೇ ಇರಲಿಲ್ಲ. ಕಣ್ಣು ಮೆಳ್ಳೆಯಾಗಿರಲಿಲ್ಲ, ನೋವಿರಲಿಲ್ಲ, ಕೆಂಪಾಗಿರಲಿಲ್ಲ. ಡಾಕ್ಟರ್ ಅಪ್ಪನಿಗೆ ಹೇಳಿದ್ದು ನೆನಪಿದೆ: "ಸೋಮಾರಿ ಕಣ್ಣು ಅಂತಾರೆ ಇದಕ್ಕೆ. ಸಣ್ಣವನಿದ್ದಾಗಲೇ ಕರ್ಕೊಂಡು ಬಂದಿದ್ರೆ ಒಳ್ಳೇ ಕಣ್ಣಿಗೆ ಪಟ್ಟಿ ಹಾಕಿ ಸರಿ ಮಾಡಬಹುದಿತ್ತು." ಸೋಮಾರಿ ಅನ್ನುವ ಪದ ನನಗೆ ಆಗಲೂ ಇಷ್ಟವಾಗಲಿಲ್ಲ, ಈಗಲೂ ಇಲ್ಲ. ಕಣ್ಣು ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಮಗುವಿದ್ದಾಗ ಆ ಕಣ್ಣಿಂದ ಬರುವ ಚಿತ್ರ ಮಸುಕಾಗಿರುತ್ತದೆ, ಇಲ್ಲವೇ ಇನ್ನೊಂದರ ಜೊತೆ ಕೂಡುವುದಿಲ್ಲ. ಆಗ ಮೆದುಳು ಅದನ್ನು ಬದಿಗೆ ಸರಿಸಲು ಕಲಿಯುತ್ತದೆ. ಆಮೇಲೆ ಕೇಳುವುದನ್ನೇ ಬಿಡುತ್ತದೆ. 100 ಮಕ್ಕಳಲ್ಲಿ 2-3 ಮಕ್ಕಳಿಗೆ ಇದು ಇರುತ್ತದೆ. ನಿಮ್ಮ ಮನೆಯಲ್ಲಿ ಮೂರು ನಾಲ್ಕು ವರ್ಷದ ಮಕ್ಕಳಿದ್ದರೆ ದಯವಿಟ್ಟು ಒಂದು ಸಲ ಕಣ್ಣು ತೋರಿಸಿ. ಎರಡೂ ಕಣ್ಣನ್ನು ಬೇರೆ ಬೇರೆಯಾಗಿ ಮುಚ್ಚಿ ನೋಡಿಸಿ. ಮಗಳನ್ನು ಮೂರು ವರ್ಷಕ್ಕೇ ಕರೆದುಕೊಂಡು ಹೋಗಿದ್ದೆ. ಅವಳ ಎರಡು ಕಣ್ಣೂ ಚೆನ್ನಾಗಿವೆ ಅಂತ ಹೇಳಿದಾಗ ಕಾರಿನಲ್ಲಿ ಕೂತು ಸ್ವಲ್ಪ ಹೊತ್ತು ಸುಮ್ಮನಿದ್ದೆ.

ಒಂದು ಸೊನ್ನೆ, ಒಂದು ಒಂದು

ಝಾಕ್ಸನ್ ಆಡುತ್ತಿದ್ದ ಮಗಳನ್ನು ನೋಡುತ್ತಾ ನನಗೆ ಬಂದ ಮೊದಲ ಪ್ರಶ್ನೆ ಇದು: 1987ರ ಪೆಟ್ಟಿಗೆ ಇದನ್ನು ಹೇಗೆ ಮಾಡುತ್ತಿತ್ತು? ಈಗಿನ ತ್ರೀಡಿ ಸಿನಿಮಾದ ಹಿಂದೆ ದೊಡ್ಡ ದೊಡ್ಡ ಪ್ರೊಜೆಕ್ಟರ್‌ಗಳಿವೆ. ಇಲ್ಲಿರುವುದು ಝಡ್80 ಪ್ರೊಸೆಸರ್, ಸೆಕೆಂಡಿಗೆ ಮೂವತ್ತಾರು ಲಕ್ಷದಷ್ಟು ಬಡಿತ. ಕೆಲಸದ ಮೆಮೊರಿ 8 ಕಿಲೋಬೈಟ್. ಚಿತ್ರಕ್ಕೆ ಇನ್ನೊಂದು 16. ಪರದೆ ಅಗಲಕ್ಕೆ 256 ಚುಕ್ಕೆ, ಎತ್ತರಕ್ಕೆ 192. ನಾನು ಸಾಫ್ಟ್‌ವೇರಿನವನು. ಈ ಅಂಕಿಗಳನ್ನು ಓದಿದಾಗ, ಇಷ್ಟರಲ್ಲಿ ಒಂದು ಚಿತ್ರ ಬರೆಯುವುದೇ ಕಷ್ಟ, ಇವರು ಎರಡು ಬರೆದಿದ್ದಾರಲ್ಲ ಅಂತ ಗೌರವ ಹುಟ್ಟಿತು.

ಉಪಾಯ ಸರಳ. ಅಮೆರಿಕದ ಹಳೆಯ ಟಿವಿ ಸೆಕೆಂಡಿಗೆ 60 ಸಲ ಪರದೆ ತುಂಬ ಗೆರೆ ಎಳೆಯುತ್ತದೆ. ಅದನ್ನು ಎರಡು ಕಣ್ಣಿಗೆ ಹಂಚಿಬಿಟ್ಟರು. ಒಂದು ಸಲ ಎಡಗಣ್ಣಿನ ಚಿತ್ರ, ಮುಂದಿನ ಸಲ ಬಲಗಣ್ಣಿನದು. ಕನ್ನಡಕದ ಎರಡು ಗಾಜುಗಳು ಎರಡು ಬಾಗಿಲುಗಳಿದ್ದ ಹಾಗೆ. ಒಳಗೆ ದ್ರವ ಸ್ಫಟಿಕ ಇದೆ, ನಮ್ಮ ಕ್ಯಾಲ್ಕುಲೇಟರಿನ ಪರದೆಯಲ್ಲಿರುವಂಥದ್ದೇ. ಕರೆಂಟು ಕೊಟ್ಟರೆ ಕಪ್ಪಾಗುತ್ತದೆ, ತೆಗೆದರೆ ತಿಳಿಯಾಗುತ್ತದೆ. ಪರದೆಯಲ್ಲಿ ಎಡಗಣ್ಣಿನ ಚಿತ್ರ ಇರುವಾಗ ಬಲ ಬಾಗಿಲು ಮುಚ್ಚಿರುತ್ತದೆ, ಬಲಗಣ್ಣಿನದು ಬಂದಾಗ ಎಡದ್ದು ಮುಚ್ಚುತ್ತದೆ. ಹೀಗೆ ಒಂದೊಂದು ಕಣ್ಣಿಗೂ ಸೆಕೆಂಡಿಗೆ 30 ಚಿತ್ರ. ಯಾವ ಬಾಗಿಲು ತೆರೆಯಬೇಕು ಅಂತ ಆಟವೇ ಹೇಳಬೇಕು. ಮೆಮೊರಿಯ ಒಂದು ವಿಳಾಸದಲ್ಲಿ ಒಂದು ಬಿಟ್. ಅಲ್ಲಿ ಸೊನ್ನೆ, ಒಂದು, ಸೊನ್ನೆ, ಒಂದು ಅಂತ ಬರೆಯುತ್ತಾ ಹೋದರೆ ಸಾಕು. ಈ ಒಂದು ಬಿಟ್ ಮೇಲೆ ಇಡೀ ಆಳ ನಿಂತಿದೆ ಅನ್ನುವುದು ನನಗೆ ತುಂಬ ಚೆಂದ ಅನ್ನಿಸಿತು.

ಕನ್ನಡಕವನ್ನು ಚುಚ್ಚುವುದು ಆಟದ ಕಾರ್ಡ್ ಹಾಕುವ ಕಿಂಡಿಗೆ, ಒಂದು ಅಡಾಪ್ಟರ್ ಮೂಲಕ. ಟಿವಿಗೆ ಈ ವ್ಯವಹಾರವೇ ಗೊತ್ತಿರುವುದಿಲ್ಲ. ಅದಕ್ಕೇ ಈಗಿನ ಚಪ್ಪಟೆ ಟಿವಿಗೆ ಈ ಪೆಟ್ಟಿಗೆಯನ್ನು ನೇರವಾಗಿ ಜೋಡಿಸಿದರೆ ಕೆಲಸ ಮಾಡುವುದಿಲ್ಲ. ಅದು ಬಂದ ಚಿತ್ರವನ್ನು ಹಿಡಿದಿಟ್ಟು, ತಿದ್ದಿ ತೀಡಿ, ಸ್ವಲ್ಪ ತಡವಾಗಿ ತೋರಿಸುತ್ತದೆ. ಬಾಗಿಲು ತೆರೆಯುವ ಹೊತ್ತಿಗೂ ಚಿತ್ರ ಬರುವ ಹೊತ್ತಿಗೂ ತಾಳ ತಪ್ಪುತ್ತದೆ. ರಸ್ತೆ ಬದಿಯಲ್ಲಿ ಯಾರಿಗೂ ಬೇಡವಾಗಿ ಕೂತಿದ್ದ ಆ ಡಬ್ಬಾ ಟಿವಿ ಇಲ್ಲದಿದ್ದರೆ ಮಗಳಿಗೆ ಆ ಗೇಣು ಜಾಗ ಸಿಗುತ್ತಿರಲಿಲ್ಲ. ಸೆಗಾದವರು ಆಮೇಲೆ ತಂದ ಅಗ್ಗದ ಎರಡನೇ ಮಾದರಿಯಲ್ಲಿ ಕಾರ್ಡಿನ ಕಿಂಡಿಯನ್ನೇ ತೆಗೆದರು. ಕಿಂಡಿಯ ಜೊತೆ ಕನ್ನಡಕವೂ ಹೋಯಿತು.

ಇದು ಸೆಗಾದವರ ಮೊದಲ ಪ್ರಯತ್ನವೂ ಅಲ್ಲ. 1982ರಲ್ಲೇ ಅವರು ಸಬ್‌ರಾಕ್ ತ್ರೀಡಿ ಅನ್ನುವ ಆರ್ಕೇಡ್ (ಅಂಗಡಿಯಲ್ಲಿ ನಾಣ್ಯ ಹಾಕಿ ಆಡುವ) ಯಂತ್ರ ಮಾಡಿದ್ದರು. ಜಲಾಂತರ್ಗಾಮಿಯ ಪೆರಿಸ್ಕೋಪಿನಂಥದ್ದಕ್ಕೆ ಕಣ್ಣಿಟ್ಟು ಆಡಬೇಕು, ಒಳಗೆ ತಿರುಗುವ ತಟ್ಟೆಗಳು ಕಣ್ಣು ಬದಲಿಸುತ್ತವೆ. ಮನೆಯ ಕನ್ನಡಕದ ಕೆಲಸದಲ್ಲಿ ಮಾರ್ಕ್ ಸೆರ್ನಿ ಇದ್ದರು. ಹದಿಹರೆಯದಲ್ಲೇ ಅಟಾರಿ ಅನ್ನುವ ಆಟದ ಕಂಪನಿ ಸೇರಿ 1984ರಲ್ಲಿ ಮಾರ್ಬಲ್ ಮ್ಯಾಡ್‌ನೆಸ್ ಅನ್ನುವ ಆಟ ಮಾಡಿ, ಆಮೇಲೆ ಜಪಾನಿಗೆ ಹೋಗಿ ಸೆಗಾ ಸೇರಿದವರು. ಈ ಕನ್ನಡಕಕ್ಕೆ ಮಿಸೈಲ್ ಡಿಫೆನ್ಸ್ ತ್ರೀಡಿ ಅನ್ನುವ ಆಟವನ್ನೂ ಮಾಡಿದರು. ಬಹಳ ವರ್ಷದ ಮೇಲೆ ಪ್ಲೇಸ್ಟೇಷನ್ 4ರ ಮುಖ್ಯ ವಿನ್ಯಾಸಕರಾದವರೂ ಅವರೇ. ಅದೇ 1987ರಲ್ಲಿ ನಿಂಟೆಂಡೊ ಕೂಡ ಜಪಾನಿನಲ್ಲಿ ತನ್ನ ಆಟದ ಪೆಟ್ಟಿಗೆ ಫ್ಯಾಮಿಕಾಮ್‌ಗೆ ಇಂಥದ್ದೇ ಕನ್ನಡಕ ತಂದಿತು, ಕೊನಾಮಿಯವರು ಅದಕ್ಕಾಗಿ ಫಾಲ್ಸಿಯಾನ್ ಅನ್ನುವ ಬಾಹ್ಯಾಕಾಶದ ಆಟ ಮಾಡಿದರು. ಆ ಕನ್ನಡಕ ಜಪಾನ್ ದಾಟಿ ಬರಲೇ ಇಲ್ಲ.

ಕನ್ನಡಕದ ದೋಷವೂ ಹೇಳಬೇಕು. ಒಂದು ಕಣ್ಣಿಗೆ ಸೆಕೆಂಡಿಗೆ 30 ಚಿತ್ರ ಅಂದರೆ ಕಡಿಮೆಯೇ. ಪರದೆ ಮಿಣಮಿಣ ಅನ್ನುತ್ತದೆ, ಕಾಲು ಗಂಟೆಗೆ ತಲೆ ಭಾರವಾಗುತ್ತದೆ. ಪಕ್ಕದ ಮನೆಯವರು ಚಿಕ್ಕವರಿದ್ದಾಗ ಅವರ ಮನೆಯಲ್ಲಿ ಇದ್ದದ್ದು ಒಂದೇ ಕನ್ನಡಕ, ಮಕ್ಕಳು ಇಬ್ಬರು. "ತಮ್ಮನ ಸರದಿ ಬಂದಾಗ ನಾನು ಗೋಡೆ ನೋಡಿಕೊಂಡು ಕೂರುತ್ತಿದ್ದೆ" ಅಂದರು. "ಕನ್ನಡಕ ಇಲ್ಲದೆ ನೋಡಿದರೆ ಬರೀ ಎರಡೆರಡು. ಎರಡು ನಿಮಿಷಕ್ಕೇ ಸಾಕಾಗುತ್ತಿತ್ತು."

ಬರೀ ಎರಡೆರಡು. ಆ ಮಾತು ಆಮೇಲೆ ನನ್ನ ಕೆಲಸಕ್ಕೆ ಬಂತು.

ನೆರಳು

ಮಗಳ ಸರದಿ ಮುಗಿದ ಮೇಲೆ ನನ್ನದು. ಕನ್ನಡಕ ಹಾಕಿಕೊಂಡೆ. ಹಾಸನದ ಮ್ಯಾಟಿನಿಯಲ್ಲಿ ಆದದ್ದೇ ಆಯಿತು. ಎರಡೆರಡಾಗಿದ್ದ ಹಡಗು ಒಂದಾಯಿತು, ಅಂಚು ಸ್ವಚ್ಛವಾಯಿತು, ಎಡಗಣ್ಣಿನ ಮುಂದಿನ ಬಾಗಿಲು ಪಟಪಟ ಬಡಿಯುವುದು ಗೊತ್ತಾಗುತ್ತಿತ್ತು. ಹಡಗು ಮಾತ್ರ ಗಾಜು ಬಿಟ್ಟು ಏಳಲಿಲ್ಲ. ಇಪ್ಪತ್ತೈದು ವರ್ಷದ ಮೇಲೆ ಏನಾದರೂ ಬದಲಾಗಿರಬಹುದು ಅಂತ ಒಳಗೊಳಗೇ ಆಸೆ ಇತ್ತು ಅನ್ನಿಸುತ್ತದೆ. ಮಗಳು ಪಕ್ಕದಲ್ಲಿ ಕೂತು "ಬಂತಾ ಅಪ್ಪಾ? ಹೊರಗೆ ಬಂತಾ?" ಅಂತ ಕೇಳುತ್ತಿದ್ದಳು.

ಈ ಸಲ ಕೈ ಚಾಚಲಿಲ್ಲ. "ಇಲ್ಲ ಪುಟ್ಟಿ, ನಂಗೆ ಬರಲ್ಲ" ಅಂದೆ. ಯಾಕೆ ಅಂದಳು. ಹೇಳಿದೆ. ಎರಡು ಪೆನ್ನು ತಂದು, ಒಂದು ಕಣ್ಣು ಮುಚ್ಚಿಕೊಂಡು ಅವುಗಳ ತುದಿ ಮುಟ್ಟಿಸು ಅಂದೆ. ಎರಡು ಸಲ ತಪ್ಪಿತು, ಮೂರನೇ ಸಲಕ್ಕೆ ಮುಟ್ಟಿತು. "ನಿಂಗೆ ಯಾವಾಗ್ಲೂ ಹೀಗೇನಾ?" ಅಂತ ಕೇಳಿ ನನ್ನ ಬಲಗಣ್ಣನ್ನು ಹತ್ತಿರದಿಂದ ನೋಡಿದಳು. ಆಮೇಲೆ ಅವಳೇ ಹೇಳಿದಳು, ಎಲ್ಲಿದೆ ಅಂತ ನಾನು ತೋರಿಸ್ತೀನಿ, ನೀನು ಬೆರಳು ಇಡು ಅಂತ. ಮೊದಲು ಹೇಳಿದ ಆ ಬೆರಳಿನ ಕಥೆ ಶುರುವಾಗಿದ್ದು ಹಾಗೆ.

ಒಂದು ಕಣ್ಣಿನವರಿಗೆ ಪ್ರಪಂಚ ಚಪ್ಪಟೆ ಕಾಣುತ್ತದೆ ಅಂತ ಜನ ತಿಳಿದುಕೊಂಡಿರುತ್ತಾರೆ. ಹಾಗೇನಿಲ್ಲ. ನಾನು ಹಾಸನದಲ್ಲಿ ಸೈಕಲ್ ಕಲಿತೆ, ಇಲ್ಲಿ ಕಾರು ಓಡಿಸುತ್ತೇನೆ. ಹತ್ತಿರದ್ದು ದೂರದ್ದನ್ನು ಮರೆ ಮಾಡುತ್ತದೆ. ದೂರ ಹೋದಂತೆ ಸಣ್ಣದಾಗುತ್ತದೆ. ನಡೆಯುವಾಗ ಹತ್ತಿರದ ಕಂಬ ಬೇಗ ಸರಿಯುತ್ತದೆ, ದೂರದ ಬೆಟ್ಟ ನಿಂತೇ ಇರುತ್ತದೆ. ನೆಲದ ಮೇಲಿನ ನೆರಳು ಎತ್ತರ ಹೇಳುತ್ತದೆ. ಇಷ್ಟು ಸಾಕಾಗುತ್ತದೆ. ಸಾಕಾಗದೇ ಇರುವುದು ಕೈಗೆಟುಕುವ ದೂರದಲ್ಲಿ. ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ, ಅಜ್ಜಿ ಕೇಳಿದಾಗ ತಪ್ಪಿಸಿಕೊಂಡು ಓಡುತ್ತಿದ್ದೆ. ಲೋಟಕ್ಕೆ ನೀರು ಹಾಕುವಾಗ ಚೊಂಬಿನ ಬಾಯಿಯನ್ನು ಲೋಟದ ಅಂಚಿಗೆ ತಾಗಿಸಿಯೇ ಹಾಕುತ್ತಿದ್ದೆ, ಈಗಲೂ ಹಾಗೇ. ಎದುರಿಗೆ ಬಂದ ಕ್ಯಾಚ್ ಎದೆಗೆ ಬಡಿದ ಮೇಲೆ ಕೈ ಸೇರುತ್ತಿದ್ದವು. ಗಮನ ಕೊಡುವುದಿಲ್ಲ ಅಂತ ಬೈಸಿಕೊಂಡಿದ್ದೆ. ಗಮನ ಕೊಡುತ್ತಿದ್ದೆ. ಚೆಂಡಿನ ಕಡೆಗೇ ನೋಡುತ್ತಿದ್ದೆ.

ಈ ಕನ್ನಡಕಕ್ಕೂ ಮುಂಚೆ, 1982ರಲ್ಲಿ ಬಂದ ಮೂಲ ಝಾಕ್ಸನ್ ಆಟ ನನ್ನಂಥವರಿಗೆ ಪೂರ್ತಿ ಕಾಣುವ ಆಟವಾಗಿತ್ತು. ಅದನ್ನು ಮೇಲಿನಿಂದ ಓರೆಯಾಗಿ ನೋಡುತ್ತೇವೆ. ಹಡಗು ಕೋಟೆಯ ಮೇಲೆ ಓರೆಯಾಗಿ ಸಾಗುತ್ತದೆ. ಆದರೆ ಚಪ್ಪಟೆ ಪರದೆಯಲ್ಲಿ ಹಡಗು ಮೇಲಕ್ಕೆ ಹೋದರೆ, ಅದು ಎತ್ತರ ಏರಿತೋ ಅಥವಾ ಪಕ್ಕಕ್ಕೆ ಸರಿಯಿತೋ? ಚಿತ್ರ ನೋಡಿ ಹೇಳಲಾಗದು. ಅದಕ್ಕೆ ಅವರು ಹಡಗಿನ ಕೆಳಗೆ ನೆಲದ ಮೇಲೆ ಒಂದು ನೆರಳು ಬರೆದರು, ಪರದೆಯ ಎಡಕ್ಕೆ ಒಂದು ಎತ್ತರದ ಮಾಪಕ ಇಟ್ಟರು. ಹಡಗಿಗೂ ನೆರಳಿಗೂ ನಡುವಿನ ಅಂತರವೇ ಎತ್ತರ. ಗೋಡೆ ಬಂದಾಗ ಆಡುವವರು ಗುಂಡು ಹೊಡೆಯುತ್ತಲೇ ಹೋಗುತ್ತಾರೆ. ಗುಂಡು ಗೋಡೆಗೆ ಬಡಿದರೆ ಹಡಗೂ ಬಡಿಯುತ್ತದೆ, ಗುಂಡು ಸಂದಿಯಲ್ಲಿ ಹೋದರೆ ಹಡಗೂ ಹೋಗುತ್ತದೆ. ಕುರುಡರು ಕೋಲು ತಟ್ಟಿ ದಾರಿ ಕಂಡುಕೊಳ್ಳುವ ಹಾಗೆ. ಹಳೆಯ ಯಂತ್ರವನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಎಮ್ಯುಲೇಟರಿನಲ್ಲಿ ಅದನ್ನು ಆಡಿದಾಗ, ನನಗೆ ಚಿಕ್ಕಂದಿನಿಂದ ಗೊತ್ತಿದ್ದ ಒಂದು ಭಾಷೆಯನ್ನು ಯಾರೋ ಮಾತಾಡಿದ ಹಾಗಾಯಿತು.

ಐದು ವರ್ಷದ ಮೇಲೆ ಬಂದ ಝಾಕ್ಸನ್ ತ್ರೀಡಿಯಲ್ಲಿ ಓರೆ ನೋಟ ಹೋಯಿತು. ಹಡಗಿನ ಬೆನ್ನ ಹಿಂದೆ ನಿಂತು ನೋಡುತ್ತೇವೆ, ಎದುರಿನಿಂದ ವಸ್ತುಗಳು ನಮ್ಮ ಕಡೆಗೇ ಬರುತ್ತವೆ. ಆ ಪೆಟ್ಟಿಗೆಗೆ ಒಂದು ಚಿತ್ರವನ್ನು ಹಿಗ್ಗಿಸುತ್ತಾ ಹೋಗುವ ಶಕ್ತಿ ಇರಲಿಲ್ಲ. ಹಾಗಾಗಿ ಸಣ್ಣ ಹಡಗು, ಅದಕ್ಕಿಂತ ದೊಡ್ಡದು, ಇನ್ನೂ ದೊಡ್ಡದು ಅಂತ ಬೇರೆ ಬೇರೆ ಬರೆದಿಟ್ಟು ಒಂದಾದ ಮೇಲೊಂದು ತೋರಿಸಬೇಕು. ಮೆಟ್ಟಿಲು ಇಳಿದು ಬಂದ ಹಾಗೆ ಹತ್ತಿರ ಬರುತ್ತವೆ. ಎರಡು ಕಣ್ಣಿನವರಿಗೆ ಆ ಮೆಟ್ಟಿಲುಗಳ ನಡುವಿನ ಜಾಗವನ್ನು ಕನ್ನಡಕ ತುಂಬಿಕೊಡುತ್ತದೆ. ನನಗೆ ಮೆಟ್ಟಿಲು ಅಷ್ಟೇ. ಮೂರು ಜೀವ ಬೇಗ ಬೇಗ ಹೋದವು.

ಸಂದು

ಸೋತು ಕನ್ನಡಕ ತೆಗೆದಿಟ್ಟೆ. ಮಗಳು ನೀರು ಕುಡಿಯಲು ಮೇಲೆ ಹೋಗಿದ್ದಳು. ಆಟ ಓಡುತ್ತಲೇ ಇತ್ತು. ಬರಿಗಣ್ಣಿಗೆ ಎಲ್ಲ ಎರಡೆರಡು. ಸುಮ್ನೆ ನೋಡುತ್ತಾ ಕೂತೆ. ನೋಡುತ್ತಾ ನೋಡುತ್ತಾ ಒಂದು ವಿಷಯ ಕಣ್ಣಿಗೆ ಬಿತ್ತು. ಎಲ್ಲವೂ ಒಂದೇ ಸಮ ಎರಡಾಗಿರಲಿಲ್ಲ. ಕೆಲವು ಜೋಡಿಗಳ ನಡುವೆ ಕೂದಲೆಳೆಯಷ್ಟು ಸಂದು. ಕೆಲವಕ್ಕೆ ಬೆರಳಗಲ. ಎದುರಿಂದ ಬರುವ ಹಡಗಿನ ಎರಡು ಚಿತ್ರಗಳು ದೂರವಿದ್ದಾಗ ಒಂದರ ಮೇಲೊಂದು ಕೂತಿದ್ದವು, ಹತ್ತಿರ ಬಂದಂತೆ ಬಿಡಿಸಿಕೊಂಡು ಅಗಲವಾದವು.

ಆಳ ಅಲ್ಲೇ ಇತ್ತು. ನನ್ನ ಕಣ್ಣೆದುರಿಗೇ, ಗಾಜಿನ ಮೇಲೆ, ಸೆಂಟಿಮೀಟರುಗಳಲ್ಲಿ.

1838ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟೋನ್ ಎರಡು ಕನ್ನಡಿ ಇಟ್ಟು ಎರಡು ರೇಖಾಚಿತ್ರಗಳನ್ನು ಎರಡು ಕಣ್ಣಿಗೆ ತೋರಿಸಿ, ಆಳ ಹುಟ್ಟುವುದು ಈ ಸಣ್ಣ ವ್ಯತ್ಯಾಸದಿಂದಲೇ ಅಂತ ತೋರಿಸಿದ್ದರು. ಅದನ್ನು ಓದಿದ್ದೆ. ಓದಿದ್ದು ಬೇರೆ, ಎದುರಿಗೆ ಕಂಡಿದ್ದು ಬೇರೆ. ಮಿಕ್ಕವರ ತಲೆಯೊಳಗೆ ಈ ಸಂದು ಮಾಯವಾಗಿ ಅದರ ಬದಲು ದೂರ ಹುಟ್ಟುತ್ತದೆ. ಅವರಿಗೆ ಸಂದು ಕಾಣುವುದೇ ಇಲ್ಲ. ಕನ್ನಡಕ ಇಲ್ಲದೆ ಕಂಡರೆ ತಲೆನೋವು ಅಂತ ಗೋಡೆ ಕಡೆ ತಿರುಗುತ್ತಾರೆ. ನನಗೆ ದೂರ ಹುಟ್ಟುವುದಿಲ್ಲ, ಆದರೆ ಸಂದು ಕಾಣುತ್ತದೆ, ಅದನ್ನು ಓದಬಹುದು.

ಪಕ್ಕದ ಮನೆಯವರ ಹತ್ತಿರ ಒಂದು ಸ್ಕೇಲ್ ಕೇಳಿ ತೆಗೆದುಕೊಂಡೆ. ನಮ್ಮ ಹಡಗು ಪರದೆಯಲ್ಲಿ ಹೆಚ್ಚು ಕಡಿಮೆ ಒಂದೇ ಆಳದಲ್ಲಿರುತ್ತದೆ, ಅಳೆಯುವುದಕ್ಕೆ ಅದೇ ಸುಲಭ. ಗಾಜಿನ ಮೇಲೆ ಸ್ಕೇಲ್ ಇಟ್ಟೆ. ಎರಡು ಹಡಗಿನ ಮೂತಿಗಳ ನಡುವೆ ಹತ್ತಿರ ಹತ್ತಿರ ಒಂದು ಸೆಂಟಿಮೀಟರ್. ಮಗಳ ಎರಡು ಕಣ್ಣಿನ ನಡುವಿನ ಅಂತರ ಐದೂವರೆ ಸೆಂಟಿಮೀಟರ್ ಅಂತಿಟ್ಟುಕೊಳ್ಳೋಣ. ಅವಳು ಕೂತಿದ್ದು ಟಿವಿಯಿಂದ 150 ಸೆಂಟಿಮೀಟರ್ ದೂರದಲ್ಲಿ. ಅವಳ ಎಡಗಣ್ಣಿಂದ ಬಲಗಡೆಯ ಹಡಗಿಗೆ ಒಂದು ಗೆರೆ ಎಳೆಯಿರಿ, ಬಲಗಣ್ಣಿಂದ ಎಡಗಡೆಯ ಹಡಗಿಗೆ ಇನ್ನೊಂದು. ಎರಡು ಗೆರೆ ನಡುದಾರಿಯಲ್ಲಿ ಒಂದನ್ನೊಂದು ದಾಟುತ್ತವೆ. ಅಲ್ಲೇ ಅವಳ ಹಡಗು ಇರುವುದು. ಶಾಲೆಯಲ್ಲಿ ಕಲಿತ ಸಮರೂಪ ತ್ರಿಕೋನ, ಬೇರೇನೂ ಬೇಡ. ಐದೂವರೆಗೆ ಸಂದಿನ ಒಂದನ್ನು ಕೂಡಿಸಿ, 150ನ್ನು ಆ ಆರೂವರೆಯಿಂದ ಭಾಗಿಸಿದರೆ 23. ಗಾಜಿನಿಂದ 23 ಸೆಂಟಿಮೀಟರ್ ಮುಂದೆ.

ನನ್ನ ಗೇಣನ್ನು ಸ್ಕೇಲಿನ ಮೇಲಿಟ್ಟೆ. 22 ಚಿಲ್ಲರೆ.

ಆ ಕ್ಷಣ ಏನಾಯಿತು ಅಂತ ಸರಿಯಾಗಿ ಹೇಳುವುದು ಕಷ್ಟ. ಹಾಸನದ ಆ ಹುಡುಗ ಎದ್ದು ನಿಂತು ಕೈ ಚಾಚಿದ್ದು ಸುಮ್ಮನೆ ಅಲ್ಲ. ಅಕ್ಕ ತಲೆ ಎಳೆದುಕೊಂಡದ್ದು ಸುಮ್ಮನೆ ಅಲ್ಲ. ಅಲ್ಲಿ ನಿಜವಾಗಿ ಒಂದು ಜಾಗ ಇತ್ತು, ಅದಕ್ಕೆ ಅಳತೆ ಇತ್ತು. ಅವರು ಅದನ್ನು ನೋಡುತ್ತಿದ್ದರು. ಮಗಳ ಕಣ್ಣು ನನ್ನ ಬೆರಳನ್ನು ನಿಲ್ಲಿಸಿದ ಜಾಗಕ್ಕೂ ನನ್ನ ಲೆಕ್ಕ ಹೇಳಿದ ಜಾಗಕ್ಕೂ ಒಂದೇ ಒಂದು ಬೆರಳಗಲದಷ್ಟೂ ವ್ಯತ್ಯಾಸ ಇರಲಿಲ್ಲ. ಎಲ್ಲರೂ ನೋಡಿದ್ದನ್ನು ನಾನು ನೋಡಿದೆ ಅಂತ ಹೇಳಲಾರೆ. ಆದರೆ ಅಲ್ಲಿಗೆ ಹೋಗಿ ಬಂದೆ.

ಒಂದು ಸಣ್ಣ ತೊಡಕಿತ್ತು. ಪರದೆಯ ಹಿಂದೆ, ಟಿವಿಯ ಒಳಗೆ ಇರುವ ಹಾಗೆ ಕಾಣಬೇಕಾದ ವಸ್ತುವಿಗೂ ಸಂದು ಇರುತ್ತದೆ, ಆದರೆ ತಿರುವು ಮುರುವು. ಸಂದು ಅಗಲ ಇದೆ ಅಂದ ಮಾತ್ರಕ್ಕೆ ಹತ್ತಿರ ಅಂತ ಹೇಳುವ ಹಾಗಿಲ್ಲ. ಜೋಡಿಯಲ್ಲಿ ಯಾವುದು ಎಡಗಣ್ಣಿನದು ಅಂತ ಬರಿಗಣ್ಣಿಗೆ ಗೊತ್ತಾಗುವುದಿಲ್ಲ. ಇದಕ್ಕೂ ದಾರಿ ಸಿಕ್ಕಿತು. ಕನ್ನಡಕವನ್ನು ಕೈಯಲ್ಲಿ ಹಿಡಿದು, ಒಳ್ಳೆಯ ಕಣ್ಣಿನ ಮುಂದೆ ಮೊದಲು ಎಡ ಗಾಜು, ಆಮೇಲೆ ಬಲ ಗಾಜು ತಂದೆ. ಹತ್ತಿರದ ವಸ್ತು ಎಡಕ್ಕೆ ಹಾರುತ್ತದೆ, ಪರದೆಯ ಹಿಂದಿನದು ಬಲಕ್ಕೆ ಹಾರುತ್ತದೆ. ಎಡ, ಬಲ, ಎಡ, ಬಲ ಅಂತ ಕನ್ನಡಕ ಆಚೀಚೆ ಮಾಡುತ್ತಾ ಎಷ್ಟು ಹೊತ್ತು ನಿಂತಿದ್ದೆನೋ. ಎರಡು ಕಣ್ಣು ಒಟ್ಟಿಗೆ ಮಾಡುವ ಕೆಲಸವನ್ನು ಒಂದೇ ಕಣ್ಣಿನಿಂದ ಒಂದಾದ ಮೇಲೊಂದು ಮಾಡಿಸುತ್ತಿದ್ದೆ. ಹಡಗು ಹಾರಿ ಹಾರಿ ತನ್ನ ದೂರ ಹೇಳುತ್ತಿತ್ತು.

ತ್ರೀಡಿ ಆಟಗಳ ಮುಂದಿನ ಕಥೆ ನಿಮಗೆ ಗೊತ್ತಿರುವುದೇ. ನಿಂಟೆಂಡೊ 1995ರಲ್ಲಿ ಕೆಂಪು ಬಣ್ಣದ ವರ್ಚುವಲ್ ಬಾಯ್ ತಂದು ಕೈಸುಟ್ಟುಕೊಂಡಿತು. 2011ರಲ್ಲಿ ಕೈಯಲ್ಲಿ ಹಿಡಿದು ಆಡುವ, ಕನ್ನಡಕವೇ ಬೇಡದ ತ್ರೀಡಿಎಸ್ ತಂದಿತು. ಅದರ ಬದಿಯಲ್ಲಿ ಆಳವನ್ನು ಕಡಿಮೆ ಮಾಡುವ, ಪೂರ್ತಿ ಆರಿಸುವ ಒಂದು ಜಾರುಗುಂಡಿ ಇತ್ತು. 2013ರಲ್ಲಿ ಆಳವೇ ಇಲ್ಲದ ಟೂಡಿಎಸ್ ಬಂತು. ನನ್ನ ಹತ್ತಿರ ಇರುವುದು ಅದೇ. ಒಳ್ಳೆಯ ಯಂತ್ರ, ನನಗೆ ಇಷ್ಟ. ಆದರೆ ಅದರಲ್ಲಿ ಸಂದು ಇಲ್ಲ. ಅದು ನನ್ನನ್ನು ಆ ವಿಷಯದ ಹತ್ತಿರಕ್ಕೇ ಬಿಡುವುದಿಲ್ಲ. ಈ ಹಳೆಯ ಕನ್ನಡಕ ತನ್ನ ಕೆಲಸವನ್ನು ಮುಚ್ಚಿಡುವಷ್ಟು ನಯವಾಗಿಲ್ಲ. ವೈರು ಕಾಣುತ್ತದೆ, ಬಾಗಿಲು ಬಡಿಯುವುದು ಗೊತ್ತಾಗುತ್ತದೆ, ತೆಗೆದರೆ ಎರಡೂ ಚಿತ್ರ ಬಯಲಿಗೆ ಬರುತ್ತವೆ. ಹಾಗಿರುವುದರಿಂದಲೇ ನನ್ನಂಥವನಿಗೂ ಒಳಗೆ ಬರಲು ದಾರಿ ಸಿಕ್ಕಿತು.

ಮಗಳು ನೀರು ಕುಡಿದು ಕೆಳಗೆ ಬಂದಳು. ನಾನು ಗಾಜಿಗೆ ಸ್ಕೇಲ್ ಹಿಡಿದು ನಿಂತಿದ್ದು ನೋಡಿ ಏನು ಅಂತ ಕೇಳಿದಳು. ಹೇಳಿದೆ. ಅವಳಿಗೆ ತ್ರಿಕೋನ ಅರ್ಥವಾಗಲಿಲ್ಲ, ಸಂದು ಅರ್ಥವಾಯಿತು. ಕನ್ನಡಕ ತೆಗೆದು ತಾನೂ ನೋಡಿದಳು. "ಹೌದಲ್ವಾ" ಅಂದಳು. ಮತ್ತೆ ಹಾಕಿಕೊಂಡಳು, ಮತ್ತೆ ತೆಗೆದಳು. ಆಮೇಲೆ ಒಟ್ಟಿಗೆ ಆಡೋಣ ಅಂತ ತೀರ್ಮಾನವಾಯಿತು. ಕಂಟ್ರೋಲರ್ ನನ್ನ ಕೈಯಲ್ಲಿ, ಕನ್ನಡಕ ಅವಳ ಮೂಗಿನ ಮೇಲೆ. ಏನಾದರೂ ಬಂದಾಗ ಇಬ್ಬರೂ ಹೇಳಬೇಕು.

"ದೂರ ಇದೆ."

"ಸಂದು ಸಣ್ಣದು."

"ಬರ್ತಾ ಇದೆ, ಬರ್ತಾ ಇದೆ."

"ಬೆರಳಗಲ ಆಯ್ತು."

"ಅಪ್ಪಾ, ಈಗ!" ಅಂತ ಅವಳು ತಲೆ ಹಿಂದಕ್ಕೆಳೆದುಕೊಂಡಳು. ಹಡಗನ್ನು ಎಡಕ್ಕೆ ತಿರುಗಿಸಿದೆ. ಅದು ಪಕ್ಕದಲ್ಲೇ ದಾಟಿ ಹೋಯಿತು.